ದಂಡಿನ ಪಾದ್ರಿ ಷ್ವಾರ್ಟ್ಸ್ ಮತ್ತು ಶ್ರೀರಂಗಪಟ್ಟಣದ ದೌತ್ಯ

ಕನ್ನಡ ನಾಡಿನ ಪ್ರಾಟೆಸ್ಟಂಟ್ ಮಿಷನರಿಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸನಿಂದ ಆರಂಭಿಸುತ್ತಾರೆ. ಅದಕ್ಕೆ ಮೂರು ದಶಕಗಳ ಮೊದಲೇ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಕ್ರಿಸ್ಟಿಯನ್ ಫ್ರೀಡ್ರಿಕ್ ಷ್ವಾರ್ಟ್ಸ್ ಈ ಚರಿತ್ರೆಯ ಅಂಚಿನಲ್ಲಿಯೇ ಉಳಿದಿದ್ದಾನೆ. ಆತನ ಕಾರ್ಯಕ್ಷೇತ್ರ ತಮಿಳುನಾಡಾಗಿದ್ದುದೇ ಇದಕ್ಕೆ ಕಾರಣವಿರಬೇಕು.

1726ರಲ್ಲಿ ಪ್ರಷ್ಯದ ಸೊನ್ನೆನ್‌ಬುರ್ಗ್‌ನಲ್ಲಿ ಜನಿಸಿ, ಹಾಲೆಯಲ್ಲಿ ವ್ಯಾಸಂಗ ಮಾಡಿ, 1750ರಲ್ಲಿ ಡೇನರ ಅಧೀನದ ತರಂಗಂಬಾಡಿಗೆ ಬಂದ ಷ್ವಾರ್ಟ್ಸ್ ಮುಂದೆ ತಿರುಚಿನಾಪಳ್ಳಿಯಲ್ಲಿ ನೆಲೆಸಿದನು. ಅಲ್ಲಿನ ಮದ್ದಿನ ಮನೆ ಸಿಡಿದು ಸೈನಿಕರು ಸತ್ತಾಗ ಅವರ ಅನಾಥ ಮಕ್ಕಳಿಗೆ ಶಾಲೆ ತೆರೆದನು. ಕಂಪನಿ ಸರಕಾರವು ಆತನನ್ನು ದಂಡಿನ ಪಾದ್ರಿಯಾಗಿ ನೇಮಿಸಿ ವರ್ಷಕ್ಕೆ 100 ಪೌಂಡು ಸಂಬಳ ಗೊತ್ತುಮಾಡಿತು. ಆ ಹಣದ ಬಹುಪಾಲು ಮಿಷನ್ನಿನ ಕೆಲಸಕ್ಕೇ ವ್ಯಯವಾಯಿತು. ಆದರೆ ಸಂಬಳದೊಡನೆ ಆತನಿಗೆ ಇನ್ನೊಬ್ಬ ಒಡೆಯನೂ ಬಂದಂತಾಯಿತು.

1779ರಲ್ಲಿ ಮದರಾಸಿನ ಗವರ್ನರ್ ರಂಬೋಲ್ಡ್, ಹೈದರಾಲಿಯ ಮನಸ್ಸನ್ನರಿತು ಶಾಂತಿಯ ಭರವಸೆ ನೀಡಿ ಬರಲು ಈ ಪಾದ್ರಿಯನ್ನು ಗುಟ್ಟಾಗಿ ಕಳುಹಿಸಿದನು. ಹೈದರನು ಆಗ ಪ್ರಾಬಲ್ಯದ ತುದಿಯಲ್ಲಿದ್ದನು. ಅದೇ ವರ್ಷ ಸವಣೂರಿನ ನವಾಬ ಅಬ್ದುಲ್ ಹಕೀಂ ಖಾನನ ಮನೆತನದೊಡನೆ ಮದುವೆಯ ಸಂಬಂಧ ಬೆಳೆಸಿ ಉತ್ತರದ ಗಡಿಯನ್ನೂ ಭದ್ರಪಡಿಸಿಕೊಂಡಿದ್ದನು. ಗಜ್ಜಲಹಟ್ಟಿ ಕಣಿವೆಯ ದಾರಿಯಾಗಿ ಬಂದ ಪಾದ್ರಿಯನ್ನು ಅವನು ಆದರದಿಂದ ಬರಮಾಡಿಕೊಂಡನು. ಹೈದರನ ಸೇನೆಯಲ್ಲಿದ್ದ ಯುರೋಪಿಯನ್ನರಿಗಾಗಿ ಷ್ವಾರ್ಟ್ಸ್ ಭಾನುವಾರಗಳಂದು ಜರ್ಮನ್ ಹಾಗೂ ತಮಿಳಿನಲ್ಲಿ ಆರಾಧನೆ ನಡೆಸಿದನು. ಒಂದು ದಂಡಿನ ಪಾದ್ರಿ ಎದುರಾಳಿಯ ದಂಡಿನಲ್ಲಿ ನಿರಾತಂಕವಾಗಿ ಪ್ರಾರ್ಥನೆ ಮಾಡಿಸಿದ ಈ ಸಂಗತಿ ಹೈದರನ ಆಸ್ಥಾನದ ಅಧ್ಯಯನಗಳಲ್ಲಿ ಹೆಚ್ಚಿನ ಗಮನ ಪಡೆಯಬೇಕಾಗಿತ್ತು. ಬೀಳ್ಕೊಡುವಾಗ ಹೈದರನು ದಾರಿಯ ವೆಚ್ಚಕ್ಕೆಂದು ಕೊಟ್ಟ 300 ರೂಪಾಯಿಗಳನ್ನು ಷ್ವಾರ್ಟ್ಸ್ ಮದರಾಸು ಸರಕಾರಕ್ಕೊಪ್ಪಿಸಲು ಮುಂದಾದನು; ಸರಕಾರ ಒಲ್ಲೆನೆಂದಾಗ ತಂಜಾವೂರಿನ ಅನಾಥಶಾಲೆಗೆ ನೀಡಿದನು.

ಆತನ ಮಾತಿನ ಪ್ರಾಮಾಣಿಕತೆಯನ್ನು ಹೈದರನು ಶಂಕಿಸಿರಲಿಲ್ಲ. ಆತನನ್ನು ಕಳುಹಿಸಿದವರನ್ನು ಶಂಕಿಸಿದ್ದನು. ತನ್ನ ರಕ್ಷಣೆಯಲ್ಲಿದ್ದ ಮಾಹೆಯನ್ನು ಆ ವರ್ಷದ ಮಾರ್ಚಿಯಲ್ಲೇ ಇಂಗ್ಲಿಷರು ವಶಪಡಿಸಿಕೊಂಡಿದ್ದುದು ಅವನಿಗೆ ಅಸಹ್ಯವಾಗಿತ್ತು. ಷ್ವಾರ್ಟ್ಸ್‌ನ ಮಿತ್ರರಾದ ಚರಿತ್ರಕಾರರು ಈ ದೌತ್ಯವನ್ನು ಸಂತನೊಬ್ಬನ ವಿಜಯವೆಂಬಂತೆ ಚಿತ್ರಿಸಿರುವುದು ಒಪ್ಪತಕ್ಕದ್ದಲ್ಲ. ಕಂಪನಿಯು ತನ್ನಲ್ಲಿಲ್ಲದ ವಿಶ್ವಾಸಾರ್ಹತೆಯನ್ನು ಪಾದ್ರಿಯಿಂದ ಎರವಲು ಪಡೆದಿತ್ತಷ್ಟೆ. 1780ರಲ್ಲಿ ಹೈದರನ ಸೈನ್ಯ ಕರ್ನಾಟಿಕ್ ಪ್ರಾಂತವನ್ನು ಹೊಕ್ಕಿತು. ಆ ಯುದ್ಧಕಾಲದಲ್ಲಿಯೂ ಪಾದ್ರಿಯ ಸಂಚಾರಕ್ಕೆ ಅಡ್ಡಿಮಾಡಬಾರದೆಂದು ಹೈದರನು ತನ್ನ ಅಧಿಕಾರಿಗಳಿಗೆ ಆಜ್ಞಾಪಿಸಿದ್ದನು. 1783ರಲ್ಲಿ ಟಿಪ್ಪುವಿನೊಡನೆ ಸಂಧಾನಕ್ಕಾಗಿ ಷ್ವಾರ್ಟ್ಸ್ ಮತ್ತೆ ಹೊರಟಾಗ ಮಾತ್ರ ಸತ್ಯಮಂಗಲದಲ್ಲಿಯೇ ತಡೆಯಲ್ಪಟ್ಟು ಹಿಂದಿರುಗಬೇಕಾಯಿತು.

ಉಳಿದ ಬದುಕು ತಂಜಾವೂರಿನಲ್ಲಿ, ಎಳೆಯ ಸರಭೋಜಿಯ ಪೋಷಕನಾಗಿ ಕಳೆಯಿತು. 1798ರ ಫೆಬ್ರವರಿ 13ರಂದು ಷ್ವಾರ್ಟ್ಸ್ ಅಲ್ಲಿಯೇ ತೀರಿಕೊಂಡನು. ಸರಭೋಜಿಯು ಶಿಲ್ಪಿ ಫ್ಲಾಕ್ಸ್‌ಮನ್‌ನಿಂದ ಮಾಡಿಸಿದ ಅಮೃತಶಿಲೆಯ ಸ್ಮಾರಕವು ಅಲ್ಲಿನ ಚರ್ಚಿನಲ್ಲಿದೆ.