ದೇವರನ್ನು ಕಂಡಿದ್ದೀರಾ ಎಂದು ಕೇಳಿದ ಹುಡುಗ

ನಮ್ಮ ಖಾಸಬಾಗದಲ್ಲಿ ದೇವರಿದ್ದಾನೋ ಇಲ್ಲವೋ ಎಂಬ ಮಾತು ಬಂದರೆ ಹಿರಿಯರ ಬಳಿ ಸಿದ್ಧ ಉತ್ತರವೊಂದಿದೆ. ಸೀರೆ ಇದೆ ಅಂದಮೇಲೆ ನೇಕಾರ ಇರಲೇಬೇಕು, ಜಗತ್ತು ಇದೆ ಅಂದಮೇಲೆ ಅದನ್ನು ಮಾಡಿದವನೂ ಇರಲೇಬೇಕು. ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತಿರುವಾಗ ಈ ವಾದ ಗೆಲ್ಲುವುದು ಸುಲಭ. ಬಿಇ ಓದುತ್ತಿರುವ ನನಗೆ ಮಾತ್ರ ಒಂದು ಅನುಮಾನ ಉಳಿಯುತ್ತದೆ. ನೇಕಾರನಿಗೆ ನೂಲು ಎಲ್ಲಿಂದ ಬಂತು?

ಇಂಥದೇ ಅನುಮಾನ ಹೊತ್ತು ಬೆಳೆದವರೊಬ್ಬರು 1892ರಲ್ಲಿ ನಮ್ಮೂರಿಗೆ ಬಂದಿದ್ದರು. ಸ್ವಾಮಿ ವಿವೇಕಾನಂದ. ಕ್ಯಾಲೆಂಡರಿನಲ್ಲಿ ಕೈಕಟ್ಟಿ ನಿಂತ ವಿವೇಕಾನಂದರು ನಮಗೆಲ್ಲ ಗೊತ್ತು. ಆದರೆ ನನಗೆ ಹತ್ತಿರದವನೆನಿಸಿದ್ದು ಅದಕ್ಕೂ ಮೊದಲಿನ ನರೇಂದ್ರನಾಥ ದತ್ತ.

ಹುಟ್ಟಿದ್ದು 1863ರ ಜನವರಿ 12, ಕಲ್ಕತ್ತೆಯಲ್ಲಿ. ತಂದೆ ವಿಶ್ವನಾಥ ದತ್ತ ಹೈಕೋರ್ಟಿನಲ್ಲಿ ಅಟಾರ್ನಿ. ಮನೆಯಲ್ಲಿ ಅನುಕೂಲವಿತ್ತು. ಹುಡುಗನಿಗೆ ಹಾಡು, ಕುಸ್ತಿ, ಪುಸ್ತಕ ಎಲ್ಲವೂ ಬೇಕು. ಕಾಲೇಜಿನಲ್ಲಿ ಹ್ಯೂಮ್, ಮಿಲ್, ಹರ್ಬರ್ಟ್ ಸ್ಪೆನ್ಸರ್ ಓದಿದ. ಸ್ಪೆನ್ಸರನ ಶಿಕ್ಷಣದ ಪುಸ್ತಕವನ್ನು ಬಂಗಾಳಿಗೆ ತಂದ. ಅದೇ ಹೊತ್ತಿಗೆ ಬ್ರಹ್ಮ ಸಮಾಜಕ್ಕೂ ಹೋಗುತ್ತಿದ್ದ. ಅಲ್ಲಿ ಮೂರ್ತಿಯಿಲ್ಲ, ನಿರಾಕಾರನಾದ ಒಬ್ಬ ಸೃಷ್ಟಿಕರ್ತ ಮಾತ್ರ. ಆದರೆ ಆ ಸೃಷ್ಟಿಕರ್ತ ಇದ್ದಾನೆ ಎಂದು ಹೇಳುವವರಲ್ಲಿ ಕಂಡವರು ಯಾರು? ಹುಡುಗ ನೇರವಾಗಿ ದೇವೇಂದ್ರನಾಥ ಠಾಕೂರರ ಬಳಿಗೇ ಹೋಗಿ ದೇವರನ್ನು ಕಂಡಿದ್ದೀರಾ ಎಂದು ಕೇಳಿದ. ಅವರು ನಿನಗೆ ಯೋಗಿಯ ಕಣ್ಣುಗಳಿವೆ ಎಂದರಂತೆ. ಪ್ರಶ್ನೆಗೆ ಅದು ಉತ್ತರವಲ್ಲ. ಮುಂದೆ ದಕ್ಷಿಣೇಶ್ವರದಲ್ಲಿ ರಾಮಕೃಷ್ಣ ಪರಮಹಂಸರಿಗೂ ಅದನ್ನೇ ಕೇಳಿದಾಗ, ಹೌದು, ನಿನ್ನನ್ನು ನೋಡುವುದಕ್ಕಿಂತ ಸ್ಪಷ್ಟವಾಗಿ ಕಂಡಿದ್ದೇನೆ ಎಂಬ ಮಾತು ಬಂತು. ಅಷ್ಟಕ್ಕೇ ಹುಡುಗ ಶರಣಾಗಲಿಲ್ಲ. ವರ್ಷಗಟ್ಟಲೆ ವಾದ ಮಾಡಿದ, ಗುರುವನ್ನೇ ಪರೀಕ್ಷಿಸಿದ. ಈ ಭಾಗ ನನಗೆ ತುಂಬ ಇಷ್ಟ.

ಆಮೇಲಿನದು ಕೆಲಸ ಹುಡುಕುತ್ತಿರುವವರೆಲ್ಲ ಓದಬೇಕಾದ ಅಧ್ಯಾಯ. 1884ರ ಫೆಬ್ರುವರಿಯಲ್ಲಿ ತಂದೆ ಹಠಾತ್ತನೆ ತೀರಿಕೊಂಡರು. ಸಾಲಗಾರರು ಬಾಗಿಲಿಗೆ ಬಂದರು, ಸಂಬಂಧಿಕರು ಮನೆಗಾಗಿ ಕೋರ್ಟು ಹತ್ತಿದರು. ಅದೇ ವರ್ಷ ಬಿಎ ಪಾಸಾದ ನರೇಂದ್ರ ಕೈಯಲ್ಲಿ ಅರ್ಜಿ ಹಿಡಿದು, ಬರಿಗಾಲಲ್ಲಿ, ಬಿಸಿಲಲ್ಲಿ ಆಫೀಸಿನಿಂದ ಆಫೀಸಿಗೆ ಅಲೆದ. ಎಲ್ಲೆಡೆ ಇಲ್ಲ ಎಂಬ ಒಂದೇ ಉತ್ತರ. ಮನೆಯಲ್ಲಿ ಊಟ ಸಾಲದ ದಿನ, ಹೊರಗೆ ಊಟಕ್ಕೆ ಕರೆದಿದ್ದಾರೆ ಎಂದು ತಾಯಿಗೆ ಸುಳ್ಳು ಹೇಳಿ ಖಾಲಿ ಹೊಟ್ಟೆಯಲ್ಲಿ ತಿರುಗುತ್ತಿದ್ದ. ದೇವರು ದಯಾಮಯನಾದರೆ ಇಷ್ಟು ಜನ ಹಸಿವಿನಿಂದ ಸಾಯುವುದೇಕೆ ಎಂದು ಗೆಳೆಯರ ಮುಂದೆಯೇ ಕೇಳತೊಡಗಿದ. ದತ್ತರ ಮಗ ನಾಸ್ತಿಕನಾದ ಎಂದು ಊರು ಮಾತಾಡಿತು. ಅವನು ಅಲ್ಲಗಳೆಯಲೂ ಇಲ್ಲ.

ಮನೆಯ ಕಷ್ಟ ನೀಗಲು ಕಾಳಿಯಲ್ಲಿ ಬೇಡಿಕೋ ಎಂದು ರಾಮಕೃಷ್ಣರು ಕಳಿಸಿದಾಗ, ಮೂರು ಸಲ ಗುಡಿಯೊಳಗೆ ಹೋಗಿಯೂ ಹಣ ಕೇಳಲಾಗದೆ ಜ್ಞಾನ, ವೈರಾಗ್ಯ ಕೇಳಿ ಬಂದನೆಂದು ಜೀವನಚರಿತ್ರೆಗಳು ಹೇಳುತ್ತವೆ. ಅಟಾರ್ನಿ ಕಚೇರಿಯಲ್ಲಿ ಸ್ವಲ್ಪ ಕೆಲಸ, ಒಂದಿಷ್ಟು ಅನುವಾದ, ವಿದ್ಯಾಸಾಗರರ ಶಾಲೆಯಲ್ಲಿ ಕೆಲವು ದಿನ ಮೇಷ್ಟರಿಕೆ. ಯಾವುದೂ ನಿಲ್ಲಲಿಲ್ಲ. 1886ರ ಆಗಸ್ಟಿನಲ್ಲಿ ಗುರು ತೀರಿಕೊಂಡ ಮೇಲೆ ಸನ್ಯಾಸ, ನಂತರ ದೇಶ ಸುತ್ತಾಟ.

ಹಾಗೆ ಸುತ್ತುತ್ತ 1892ರ ಅಕ್ಟೋಬರಿನಲ್ಲಿ ಕೊಲ್ಹಾಪುರದಿಂದ ಬೆಳಗಾವಿಗೆ ಬಂದರು. ಮೊದಲು ಇಳಿದದ್ದು ಭಾಟೆ ಎಂಬ ಮರಾಠಿ ವಕೀಲರ ಮನೆಯಲ್ಲಿ. ಈ ಸನ್ಯಾಸಿ ಊಟವಾದ ಮೇಲೆ ಎಲೆಯಡಿಕೆ, ತಂಬಾಕು ಕೇಳಿದ್ದು ಮನೆಯವರಿಗೆ ವಿಚಿತ್ರವಾಗಿ ಕಂಡಿತ್ತು. ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆ. ಮಿತ್ರರು ಸನ್ಯಾಸಿಗಳನ್ನು ನಂಬುವವರಲ್ಲ. ವಾದ ಮಾಡಿ ನೋಡೋಣ ಎಂದುಕೊಂಡವರು ಕೊನೆಗೆ ಪತ್ನಿಯೊಂದಿಗೆ ದೀಕ್ಷೆ ಪಡೆದರು. ಸ್ವಾಮೀಜಿ ಡಿಕನ್ಸ್‌ನ ಪಿಕ್‌ವಿಕ್ ಪೇಪರ್ಸ್‌ನಿಂದ ಪುಟಗಟ್ಟಲೆ ಬಾಯಿಪಾಠ ಹೇಳಿದ್ದನ್ನು ಮಿತ್ರರು ಬರೆದಿಟ್ಟಿದ್ದಾರೆ. ಎರಡೇ ಸಲ ಓದಿದ್ದಂತೆ! (ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ನೆನೆಯಬಾರದು.) ಚಿಕಾಗೋ ಸಮ್ಮೇಳನದ ಮಾತು ಬಂದಾಗ ಚಂದಾ ಎತ್ತುತ್ತೇನೆಂದರು ಮಿತ್ರರು, ಸ್ವಾಮೀಜಿ ಒಪ್ಪಲಿಲ್ಲ. ಅವರು ಹೊರಟದ್ದು ಮುಂದಿನ ವರ್ಷ.

ಸೃಷ್ಟಿಯ ಪ್ರಶ್ನೆಗೆ ಅವರು ಕೊಟ್ಟ ಉತ್ತರ 1896ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಬ್ರಹ್ಮಾಂಡದ ಬಗ್ಗೆ ಮಾಡಿದ ಭಾಷಣದಲ್ಲಿದೆ. ಶೂನ್ಯದಿಂದ ಏನೂ ಹುಟ್ಟುವುದಿಲ್ಲ ಎಂಬುದು ಅವರ ಮೊದಲ ಹೆಜ್ಜೆ. ಬೀಜದಿಂದ ಮರ, ಮರದಿಂದ ಮತ್ತೆ ಬೀಜ. ಕಾರ್ಯವೆಂದರೆ ಬೇರೆ ರೂಪ ತಳೆದ ಕಾರಣವೇ. ಹಾಗಾಗಿ ಜಗತ್ತು ಒಂದು ದಿನ ಇಲ್ಲದಿದ್ದು ಮರುದಿನ ಯಾರೋ ಮಾಡಿದ ವಸ್ತುವಲ್ಲ. ಸೂಕ್ಷ್ಮದಿಂದ ಅರಳಿ, ಮತ್ತೆ ಸೂಕ್ಷ್ಮಕ್ಕೆ ಮುದುಡುತ್ತ ಇರುವಂಥದ್ದು. ನಮ್ಮ ಓಣಿಯ ಭಾಷೆಯಲ್ಲಿ ಹೇಳುವುದಾದರೆ, ನೂಲೂ ನೇಕಾರನೂ ಬೇರೆಯಲ್ಲ. ಮುಂಡಕೋಪನಿಷತ್ತಿನಲ್ಲಿ ತನ್ನೊಳಗಿಂದಲೇ ದಾರ ತೆಗೆಯುವ ಜೇಡನ ಹೋಲಿಕೆ ಇದಕ್ಕೇ ಬರುತ್ತದೆ.

ಮಾತಿನಲ್ಲಿ ಹೇಳಿದರೆ ಸಾಲದು ಎಂದು ಅವರಿಗೇ ಅನಿಸಿತ್ತು ಎನ್ನುವುದು ನನಗೆ ದೊಡ್ಡ ವಿಷಯ. ಅದೇ ಫೆಬ್ರುವರಿಯಲ್ಲಿ ನಿಕೋಲಾ ಟೆಸ್ಲಾ ಪರಿಚಯವಾಯಿತು. ನಾವು ಎಸಿ ಮೋಟಾರ್ ಪಾಠದಲ್ಲಿ ಓದುವ ಅದೇ ಟೆಸ್ಲಾ. ಜಡವಸ್ತು ಮತ್ತು ಬಲ ಎರಡೂ ಒಂದೇ ಶಕ್ತಿಯ ರೂಪಗಳೆಂದು ಗಣಿತದಿಂದ ತೋರಿಸುವ ಭರವಸೆ ಟೆಸ್ಲಾಗಿತ್ತು. ಹಾಗಾದರೆ ವೇದಾಂತದ ವಿಶ್ವವಿಜ್ಞಾನಕ್ಕೆ ಗಟ್ಟಿ ಬುನಾದಿ ಸಿಕ್ಕಂತೆ ಎಂದು ವಿವೇಕಾನಂದರು ಗೆಳೆಯರೊಬ್ಬರಿಗೆ ಪತ್ರದಲ್ಲಿ ಹಿಗ್ಗಿ ಬರೆದರು. ಟೆಸ್ಲಾ ಅದನ್ನು ತೋರಿಸಲಿಲ್ಲ. 1905ರಲ್ಲಿ ಐನ್‌ಸ್ಟೈನ್ ದ್ರವ್ಯರಾಶಿ ಮತ್ತು ಶಕ್ತಿಯ ಸಂಬಂಧ ತೋರಿಸಿದರು. ಅದನ್ನು ಹಿಡಿದು ಎಲ್ಲವನ್ನೂ ನಮ್ಮವರು ಮೊದಲೇ ಹೇಳಿದ್ದರು ಎಂದು ವಾಟ್ಸ್‌ಆ್ಯಪಿನಲ್ಲಿ ಸಾರುವವರನ್ನು ನಾನು ಒಪ್ಪಲಾರೆ. ಆ ಸಮೀಕರಣ ವೇದಾಂತವನ್ನು ಸಾಬೀತು ಮಾಡುವುದಿಲ್ಲ. 1380 ಕೋಟಿ ವರ್ಷಗಳ ಹಿಂದೆ ಬಿಸಿಯಾಗಿ, ಒತ್ತೊತ್ತಾಗಿದ್ದ ವಿಶ್ವ ಅಂದಿನಿಂದ ಹಿಗ್ಗುತ್ತಲೇ ಇದೆ. ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ಗೊತ್ತಾಯಿತು. ಅದು ಮತ್ತೆ ಮುದುಡುತ್ತದೆ ಎನ್ನಲು ಸದ್ಯಕ್ಕೆ ಪುರಾವೆಯಿಲ್ಲ.

ಇದ್ಯಾವುದನ್ನೂ ನೋಡಲು ಅವರು ಉಳಿಯಲಿಲ್ಲ. 1902ರ ಜುಲೈ 4ರ ರಾತ್ರಿ ಬೇಲೂರು ಮಠದಲ್ಲಿ ತೀರಿಕೊಂಡಾಗ ವಯಸ್ಸು 39. ನಮ್ಮೂರಿನಲ್ಲಿ ಎಸ್. ಮಹಾದೇವ ಅಂಡ್ ಸನ್ ಸ್ಟುಡಿಯೋದವರು ತೆಗೆದ ಅವರ ಫೋಟೊ ಈಗಲೂ ಸಿಗುತ್ತದೆ. ಅದರಲ್ಲಿ ಅವರಿಗೆ 29, ಚಿಕಾಗೋ ಇನ್ನೂ ದೂರ.