ಬರಿಗಾಲಿನ ಅಹ್ಮದ್ ಖಾನ್

ನಮ್ಮ ಹಾಸ್ಟೆಲಲ್ಲಿ ಮೆಸ್ಸಿ, ಮೋಡ್ರಿಚ್ ಬಗ್ಗೆ ಜಗಳ ಶುರುವಾದ್ರೆ ರಾತ್ರಿ ಸಾಲೋದಿಲ್ಲ. ಬೆಂಗಳೂರಿನ ಅಹ್ಮದ್ ಖಾನ್ ಅಂದ್ರೆ ಮಾತ್ರ, ಯಾವ ಬ್ರಾಂಚ್, ಯಾವ ಸೆಮಿಸ್ಟರ್ ಅಂತ ಕೇಳ್ತಾರೆ!

ಅವರು ಹುಟ್ಟಿದ್ದು 1926ರಲ್ಲಿ, ಬೆಂಗಳೂರಲ್ಲಿ. ಅಪ್ಪ ಫುಟ್‌ಬಾಲ್ ಆಟಗಾರ, ಅಣ್ಣತಮ್ಮಂದಿರೂ ಆಡ್ತಿದ್ದರು. ಅಹ್ಮದ್ ಅವರದು ಇನ್‌ಸೈಡ್ ಲೆಫ್ಟ್ ಜಾಗ. ಆ ಕಾಲದ ಟೀಮಲ್ಲಿ ಐದು ಜನ ಫಾರ್ವರ್ಡ್‌ಗಳು. ಅವರಲ್ಲಿ ಸ್ವಲ್ಪ ಹಿಂದೆ ಸರಿದು, ಹಾಫ್‌ಬ್ಯಾಕ್‌ಗಳಿಂದ ಚೆಂಡು ತಗೊಂಡು ಮುಂದಿನವರಿಗೆ ಹಂಚೋದು ಇನ್‌ಸೈಡ್ ಆಟಗಾರನ ಕೆಲಸ. ಇವತ್ತಿನ ಲೆಕ್ಕದಲ್ಲಿ ಅಟ್ಯಾಕಿಂಗ್ ಮಿಡ್‌ಫೀಲ್ಡರ್. ಡ್ರಿಬ್ಲಿಂಗೇ ಅವರ ಬಲ. ಚೆಂಡನ್ನ ಆಡಿಸೋ ರೀತಿ ನೋಡಿ ಜನ ಅವರನ್ನ ಹಾವಾಡಿಗ ಅಂತ ಕರೆದರು.

1948ರ ಜುಲೈ 31. ಲಂಡನ್ ಒಲಿಂಪಿಕ್ಸಲ್ಲಿ ಸ್ವತಂತ್ರ ಭಾರತದ ಮೊದಲ ಪಂದ್ಯ, ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಭಾರತದ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. ಎರಡು ಪೆನಾಲ್ಟಿ ಕೈತಪ್ಪಿ 2–1ರಲ್ಲಿ ಸೋತೆವು. ಬರಿಗಾಲು ಅಂದ್ರೆ ಬರೀ ಬಡತನ ಅಂತ ನಾವು ಅಂದ್ಕೋತೀವಿ. ನಮ್ಮ ಜೋಯಿಡಾ ರಾಮನಗರದ ಮಳೆಯಲ್ಲಿ ಬರಿಗಾಲಲ್ಲಿ ಆಡಿದವರಿಗೆ ಗೊತ್ತು, ಚೆಂಡು ಎಲ್ಲಿದೆ ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತೆ.

ಮುಂದಿನ ವರ್ಷ ಅವರು ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ದೇಶ ವಿಭಜನೆಯಾಗಿ ಎರಡೇ ವರ್ಷ. ಪೂರ್ವ ಬಂಗಾಳದಲ್ಲಿ ಮನೆ, ಹೊಲ ಬಿಟ್ಟು ಬಂದ ಜನಕ್ಕೆ ಆ ಕ್ಲಬ್ಬೇ ಊರು. ಅವರ ಮುಂದೆ ಆಡಿದ ಫಾರ್ವರ್ಡ್ ಸಾಲು ಅಹ್ಮದ್, ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ. ಐವರೂ ದಕ್ಷಿಣದವರು, ಕಲ್ಕತ್ತಾ ಅವರಿಗಿಟ್ಟ ಹೆಸರು ಪಂಚಪಾಂಡವರು. 1949, 1950, 1951, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಅವರದೇ. ಬಂಗಾಳಿ ನಿರಾಶ್ರಿತರು ಬೆಂಗಳೂರಿನ ಹುಡುಗನನ್ನ ತಮ್ಮವನು ಅಂದ್ಕೊಂಡಿದ್ದು ನನಗೆ ಆ ಕಪ್‌ಗಳಿಗಿಂತ ದೊಡ್ಡದಾಗಿ ಕಾಣುತ್ತೆ.

1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನ ಸೋಲಿಸಿ ಭಾರತ ಚಿನ್ನ ಗೆದ್ದಿತು, ಅಹ್ಮದ್ ಆ ತಂಡದಲ್ಲಿದ್ದರು. ಈಗ ವಿಶ್ವಕಪ್‌ನಲ್ಲಿ ಜರ್ಮನಿಯನ್ನೇ ಸೋಲಿಸೋ ಜಪಾನ್‌ಗೆ ಆವತ್ತು ಸಿಕ್ಕಿದ್ದು ಕಂಚು.

ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನ 10–1ರಲ್ಲಿ ಮಣ್ಣುಮುಕ್ಕಿಸಿತು. ಆ ಒಂದು ಗೋಲು ಅಹ್ಮದ್ ಅವರದ್ದು, ಆಟ ಮುಗಿಯೋ ಹೊತ್ತಿಗೆ ಹೊಡೆದಿದ್ದು. ಒಂಬತ್ತೋ ಹತ್ತೋ ಗೋಲು ಬಿದ್ದ ಮೇಲೂ ಮುಂದೆ ನುಗ್ಗೋ ಮನಸ್ಸು ಹೇಗೆ ಬರುತ್ತೋ! ಆ ಸೋಲಿನ ನಂತರ ಬೂಟು ಕಡ್ಡಾಯವಾಯ್ತು. ಈಸ್ಟ್ ಬೆಂಗಾಲ್‌ನಲ್ಲಿ ಅವರು ಒಟ್ಟು ಸುಮಾರು ಹತ್ತು ವರ್ಷ ಆಡಿದರು.

2017ರ ಆಗಸ್ಟಲ್ಲಿ ಬೆಂಗಳೂರಲ್ಲೇ ತೀರಿಕೊಂಡರು, ವಯಸ್ಸು 90. ಅದೇ ವರ್ಷ ಬೆಂಗಳೂರು ಎಫ್‌ಸಿ ಐಎಸ್‌ಎಲ್ ಸೇರಿತ್ತು. ನಾವೆಲ್ಲ ಟಿವಿ ಮುಂದೆ ಕೂತು ಛೆಟ್ರಿ ಗೋಲು ಎಣಿಸ್ತಿದ್ವಿ. ಅಹ್ಮದ್ ಖಾನ್ ಹೆಸರು ನಾನು ಮೊದಲ ಸಲ ಕೇಳಿದ್ದು ಹೋದ ವರ್ಷ.