ಸಿಡಿಲಿಗೆ ನೆಲದ ದಾರಿ ತೋರಿಸಿದ ಫ್ರಾಂಕ್ಲಿನ್

ಗೊರೇಬಾಳ: ಮುಂಗಾರಿಗೂ ಮೊದಲಿನ ಮಳೆ ನಮ್ಮ ಕಡೆ ಗುಡುಗು, ಸಿಡಿಲು ತಗೊಂಡೇ ಬರ್ತದ. ಕರೆಂಟ್ ಲೈನಿನ ಹತ್ತಿರ ಎಲ್ಲೋ ಸಿಡಿಲು ಬಿದ್ರೂ ಮನೆಯ ಟಿ.ವಿ., ಅಂಗಡಿಯ ಫ್ರಿಜ್, ಇನ್ವರ್ಟರ್ ಸುಟ್ಟು ಹೋಗ್ತಾವ. ಇದಕ್ಕೆ ಮದ್ದು ನೆಲದಾಗ ಅದ ಅಂತ 270 ವರ್ಷಗಳ ಹಿಂದೆಯೇ ತೋರಿಸಿಕೊಟ್ಟವರು ಬೆಂಜಮಿನ್ ಫ್ರಾಂಕ್ಲಿನ್.

ಅವರು ಹುಟ್ಟಿದ್ದು 1706ರ ಜನವರಿ 17ರಂದು, ಅಮೆರಿಕದ ಬೋಸ್ಟನ್‌ನಲ್ಲಿ. ತಂದೆ ಸಾಬೂನು, ಬತ್ತಿ ಮಾಡಿ ಮಾರುತ್ತಿದ್ದ ಸಣ್ಣ ವ್ಯಾಪಾರಿ. ಹತ್ತು ವರ್ಷಕ್ಕೇ ಶಾಲೆ ಬಿಟ್ಟ ಹುಡುಗ 12ನೇ ವಯಸ್ಸಿಗೆ ಅಣ್ಣನ ಪ್ರೆಸ್‌ನಲ್ಲಿ ಕೆಲಸಕ್ಕೆ ಸೇರಿದ. 17ಕ್ಕೆ ಮನೆ ಬಿಟ್ಟು ಫಿಲಡೆಲ್ಫಿಯಾಕ್ಕೆ ಓಡಿಹೋಗಿ, ಮುಂದೆ ಸ್ವಂತ ಪ್ರೆಸ್ ಹಾಕಿದ. 42ನೇ ವಯಸ್ಸಿಗೆ ಫ್ರಾಂಕ್ಲಿನ್ ವ್ಯಾಪಾರವನ್ನು ಪಾಲುದಾರನಿಗೆ ವಹಿಸಿ ವಿದ್ಯುತ್ ಪ್ರಯೋಗಕ್ಕೆ ಕುಳಿತರು.

ಆಟದ ಮಾತಲ್ಲ ಅದು. 1750ರ ಡಿಸೆಂಬರ್‌ನಲ್ಲಿ ಅವರಿಗೇ ದೊಡ್ಡ ಶಾಕ್ ಹೊಡೆದು ಎಚ್ಚರ ತಪ್ಪಿತ್ತು. 1752ರಲ್ಲಿ ಗಾಳಿಪಟ ಹಾರಿಸಿ, ಮೋಡದಲ್ಲಿರೋದೂ ವಿದ್ಯುತ್ತೇ ಎಂದು ತೋರಿಸಿದರು. ಮರುವರ್ಷ ರಷ್ಯಾದಲ್ಲಿ ರಿಚ್‌ಮನ್ ಎಂಬ ವಿಜ್ಞಾನಿ ಇಂಥದೇ ಪ್ರಯೋಗದಲ್ಲಿ ಸಿಡಿಲಿಗೆ ಬಲಿಯಾದರು. ಅವರ ಮನೆಯೊಳಗೆ ಬಂದಿದ್ದ ಕಬ್ಬಿಣದ ಸರಳಿಗೆ ನೆಲದ ಸಂಪರ್ಕವೇ ಇರಲಿಲ್ಲ.

ಫ್ರಾಂಕ್ಲಿನ್ ತಮ್ಮ 1753ರ ಪಂಚಾಂಗದಲ್ಲಿ ಉಪಾಯ ಅಚ್ಚು ಹಾಕಿಸಿದರು. ಸರಳಿನ ಮೇಲಿನ ತುದಿ ಮನೆಗಿಂತ 6ರಿಂದ 8 ಅಡಿ ಎತ್ತರ ಇರಬೇಕು, ಕೆಳಗಿನ ತುದಿ 3ರಿಂದ 4 ಅಡಿ ಹಸಿ ಮಣ್ಣಿನಲ್ಲಿ ಇರಬೇಕು. ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಯಾರಿಂದಲೂ ಕಾಸು ಕೇಳಲಿಲ್ಲ.

ಮುಂದೆ ದೇಶದ ಕೆಲಸಕ್ಕೆ ಫ್ರಾನ್ಸ್‌ನಲ್ಲಿ ವರ್ಷಗಟ್ಟಲೆ ಇದ್ದು 1785ರಲ್ಲಿ ಊರಿಗೆ ಮರಳಿದರು. ಮನೆ ದೊಡ್ಡದು ಮಾಡಿಸುವಾಗ ನೋಡಿದರೆ, ಸರಳಿನ ಒಂಬತ್ತು ಇಂಚಿನ ತಾಮ್ರದ ತುದಿ ಕರಗಿ ಹೋಗಿತ್ತು. ಅವರಿಲ್ಲದಾಗ ಸಿಡಿಲು ಬಡಿದಿತ್ತು, ಮನೆ ಮಾತ್ರ ಉಳಿದಿತ್ತು. 1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರು ಹೇಳಿದ ಹಸಿ ಮಣ್ಣಿನ ಮಾತನ್ನೇ ನಾವು ಮರೀತೀವಿ. ಬೇಸಿಗೆಗೆ ನಮ್ಮ ಎರೆ ಭೂಮಿ ಬಿರುಕು ಬಿಡ್ತದ, ಅರ್ಥಿಂಗ್ ಗುಂಡಿನೂ ಒಣಗ್ತದ. ಒಣ ಗುಂಡಿ ಕರೆಂಟನ್ನು ಸರಿಯಾಗಿ ಎಳಕೊಳ್ಳಲ್ಲ. ರೊಕ್ಕ ಕೊಟ್ಟು ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ರೂ, ಅದು ಹೆಚ್ಚಾದ ಕರೆಂಟನ್ನು ತಳ್ಳೋದು ಅರ್ಥ್ ವೈರಿಗೇ. ಆ ವೈರ್ ಇಲ್ಲಂದ್ರ ಅದೂ ಪೂರ್ತಿ ಕಾಯಲ್ಲ.

ಮಳೆಗಾಲಕ್ಕೆ ಮೊದಲೇ ಗುಂಡಿಗೆ ನೀರು ಹಾಕ್ರಿ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ನ ಕರೆಸಿ ಅರ್ಥಿಂಗ್ ಚೆಕ್ ಮಾಡಿಸ್ರಿ. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಕಿತ್ತು ಹಾಕಬ್ಯಾಡ್ರಿ, ಅದೇ ಅರ್ಥ್. ನೇರ ಸಿಡಿಲನ್ನು ಯಾವ ಡಬ್ಬಿನೂ ಪೂರ್ತಿ ತಡೆಯಲ್ಲ. ಹಂಗಾಗಿ ಮೋಡ ಕಟ್ಟಿದ ಕೂಡ್ಲೇ, ಗುಡುಗು ಶುರುವಾಗೋಕೆ ಮೊದಲೇ, ಟಿ.ವಿ., ಫ್ರಿಜ್ ಪ್ಲಗ್ ತೆಗೀರಿ.